ಪುಟ್ಟಣ್ಣನವರ ಸಿನಿಮಾ, ಕೊನೆಯ ಹತ್ತು ನಿಮಿಷದ ಜಗಳ

ಹೋದ ದೀಪಾವಳಿಗೆ ಮೈಸೂರಿನ ಚಿಕ್ಕಮ್ಮನ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಊಟ ಮುಗಿದಿತ್ತು. ಹೋಳಿಗೆ ತುಸು ಜಾಸ್ತಿಯೇ ಆಗಿ ಯಾರಿಗೂ ಕೂತಲ್ಲಿಂದ ಏಳುವ ಮನಸ್ಸಿರಲಿಲ್ಲ. ಟಿವಿಯಲ್ಲಿ ಚಾನೆಲ್ ತಿರುಗಿಸುತ್ತಿದ್ದಾಗ ಪುಟ್ಟಣ್ಣ ಕಣಗಾಲರ 'ಶರಪಂಜರ' ಸಿಕ್ಕಿತು. ರಿಮೋಟ್ ಚಿಕ್ಕಮ್ಮನ ಕೈಗೆ ಹೋಯಿತು. ಆಮೇಲೆ ವಾಪಸ್ ಬರಲಿಲ್ಲ.

ಸಿನಿಮಾ ಮುಗಿಯುವ ಹೊತ್ತಿಗೆ ಚಿಕ್ಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರ ಮೊಮ್ಮಗಳು, ಬೆಂಗಳೂರಿನಲ್ಲಿ ಎಂ.ಎಸ್ಸಿ. ಓದುವವಳು, ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದಳು. "ಅಜ್ಜಿ, ಇದನ್ನ ಯಾಕೆ ಇಷ್ಟೊಂದು ಹೊಗಳ್ತಾರೆ? ಎಲ್ಲಾರೂ ಕಿರುಚ್ತಾರೆ. ಕೊನೆಗೆ ಅವಳನ್ನೇ ಮತ್ತೆ ಆಸ್ಪತ್ರೆಗೆ ಹಾಕ್ತಾರೆ" ಅಂದಳು. "ನಿಂಗೆ ಅರ್ಥ ಆಗಲ್ಲ ಕಣೆ" ಅಂದರು ಚಿಕ್ಕಮ್ಮ. ಚಿಕ್ಕಪ್ಪ ಚಿತ್ರದುರ್ಗದವರು, ಕಾದಂಬರಿಕಾರ ತ.ರಾ.ಸು. ಭಕ್ತರು. ಪೇಪರಿನಿಂದ ತಲೆ ಎತ್ತದೆ, "ಮೊದಲು ಕಾದಂಬರಿ ಓದು, ಆಮೇಲೆ ಮಾತಾಡು" ಅಂದರು. ಸಂಜೆ ಕಾಫಿ ಬರುವವರೆಗೂ ಜಗಳ ನಡೆಯಿತು.

ಈ ಜಗಳ ನಮ್ಮ ಮನೆಯದು ಮಾತ್ರ ಅಲ್ಲ. ಪುಟ್ಟಣ್ಣ ಕಣಗಾಲರ ಸಿನಿಮಾ ಇಷ್ಟಪಡುವವರು ನಾಲ್ಕು ಜನ ಸೇರಿದರೆ ಸಾಕು, ಇದೇ ಕಥೆ. ಒಬ್ಬರು ಚಿತ್ರಬ್ರಹ್ಮ ಅಂತಾರೆ. ಇನ್ನೊಬ್ಬರು ಅತಿಯಾಯ್ತು ಅಂತಾರೆ. ಮೂರನೆಯವರು ಹೆಂಗಸರ ಪರ ನಿಂತ ನಿರ್ದೇಶಕ ಅಂತಾರೆ. ನಾಲ್ಕನೆಯವರು ಹೆಂಗಸರನ್ನ ಅಳಿಸಿಯೇ ಹೆಸರು ಮಾಡಿದರು ಅಂತಾರೆ. ವಿಚಿತ್ರ ಏನೆಂದರೆ, ನಾಲ್ಕೂ ಮಾತಿಗೆ ಸಾಕ್ಷಿ ಒಂದೇ ಸಿನಿಮಾದಲ್ಲಿ ಸಿಗುತ್ತದೆ. ಅದು ಹೇಗೆ ಅನ್ನೋದನ್ನ ಇಲ್ಲಿ ಸ್ವಲ್ಪ ಬಿಡಿಸಿ ನೋಡೋಣ.

ಗೊತ್ತಿಲ್ಲದವರಿಗೆ ಎರಡು ಮಾತು. ಪುಟ್ಟಣ್ಣ ಹುಟ್ಟಿದ್ದು 1933ರಲ್ಲಿ, ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಲ್ಲಿ. ಕೆಲಸ ಕಲಿತದ್ದು ನಿರ್ದೇಶಕ ಬಿ.ಆರ್. ಪಂತುಲು ಅವರ ಕೈಕೆಳಗೆ. ಮೊದಲು ಮಲಯಾಳಂನಲ್ಲಿ ಸಿನಿಮಾ ಮಾಡಿ, 1967ರಲ್ಲಿ 'ಬೆಳ್ಳಿಮೋಡ'ದಿಂದ ಕನ್ನಡಕ್ಕೆ ಬಂದರು. 1985ರ ಜೂನ್‌ನಲ್ಲಿ ತೀರಿಕೊಂಡಾಗ 'ಮಸಣದ ಹೂವು' ಇನ್ನೂ ಮುಗಿದಿರಲಿಲ್ಲ. ಅದನ್ನು ಕೆ.ಎಸ್.ಎಲ್. ಸ್ವಾಮಿ ಪೂರ್ತಿ ಮಾಡಿದರು. ಅಂದರೆ ಕನ್ನಡದಲ್ಲಿ ಪುಟ್ಟಣ್ಣನವರಿಗೆ ಸಿಕ್ಕಿದ್ದು ಸುಮಾರು ಹದಿನೆಂಟು ವರ್ಷ. ಇವತ್ತಿಗೂ ಕರ್ನಾಟಕದಲ್ಲಿ ನಿರ್ದೇಶಕರಿಗೆ ಕೊಡುವ ದೊಡ್ಡ ಪ್ರಶಸ್ತಿ ಇರುವುದು ಅವರ ಹೆಸರಿನಲ್ಲೇ.

ಈಗ ಜಗಳಕ್ಕೆ ಬರೋಣ. ನಾನು ಕೇಳಿದ, ನಾನೇ ಕೈಹಾಕಿದ ಅಷ್ಟೂ ವಾದಗಳನ್ನು ನೆನಪಿಸಿಕೊಂಡರೆ, ಹೆಚ್ಚುಪಾಲು ಬಂದು ನಿಲ್ಲುವುದು ಕೊನೆಯ ಹತ್ತು ನಿಮಿಷದಲ್ಲಿ. ಹಾಡು ಚೆನ್ನಾಗಿದೆ ಅನ್ನೋದಕ್ಕೆ ಯಾರ ತಕರಾರೂ ಇಲ್ಲ. ಕಲ್ಪನಾ, ಆರತಿ, ಜಯಂತಿ, ಅಶ್ವಥ್ ಚೆನ್ನಾಗಿ ಮಾಡಿದ್ದಾರೆ ಅನ್ನೋದಕ್ಕೂ ಇಲ್ಲ. ತಕರಾರು ಇರುವುದು ಕಥೆಯನ್ನು ಎಲ್ಲಿ ಬಿಟ್ಟರು ಅನ್ನೋದರ ಬಗ್ಗೆ. 'ಗೆಜ್ಜೆಪೂಜೆ'ಯ ಚಂದ್ರ ಸಾಯಬೇಕಿತ್ತಾ? 'ಶರಪಂಜರ'ದ ಕಾವೇರಿ ಮತ್ತೆ ಹುಚ್ಚಿಯಾಗಬೇಕಿತ್ತಾ? 'ನಾಗರಹಾವು' ಸಿನಿಮಾದ ರಾಮಾಚಾರಿ ಬೆಟ್ಟದಿಂದ ಹಾರಬೇಕಿತ್ತಾ?

'ಶರಪಂಜರ'ವನ್ನೇ ತಗೊಳ್ಳಿ. 1971ರ ಸಿನಿಮಾ, ತ್ರಿವೇಣಿಯವರ ಕಾದಂಬರಿ. ಕಾವೇರಿ ಮದುವೆಯಾಗಿ ಸುಖವಾಗಿದ್ದಾಳೆ. ಹೆರಿಗೆಯ ನಂತರ ಮನಸ್ಸು ಕೆಡುತ್ತದೆ. ಹಿಂದೆ ಆದ ಒಂದು ಘಟನೆಯ ಪಾಪಪ್ರಜ್ಞೆ ಮೇಲೆದ್ದು ಬರುತ್ತದೆ. ಆಸ್ಪತ್ರೆ ಸೇರಿ, ವಾಸಿಯಾಗಿ, ಮನೆಗೆ ಬರುತ್ತಾಳೆ. ನಿಜವಾದ ಸಿನಿಮಾ ಶುರುವಾಗುವುದು ಆಮೇಲೆ. ಅವಳಿಗೆ ವಾಸಿಯಾಗಿದೆ. ಆದರೆ ಅದನ್ನು ನಂಬಲು ಮನೆಯಲ್ಲಿ ಯಾರೂ ತಯಾರಿಲ್ಲ. ಅವಳು ನಕ್ಕರೂ ಅನುಮಾನ, ಸುಮ್ನೆ ಕೂತರೂ ಅನುಮಾನ. ಗಂಡ ದೂರವಾಗುತ್ತಾನೆ. ಅವನಿಗೆ ಇನ್ನೊಬ್ಬಳ ಸಂಗ ಇದೆ ಅಂತ ಕಣ್ಣಾರೆ ಕಂಡಾಗ ಕಾವೇರಿ ಒಡೆದು ಹೋಗುತ್ತಾಳೆ.

ಕೊನೆ ಹೀಗೇ ಆಗುತ್ತದೆ ಅಂತ ಪುಟ್ಟಣ್ಣ ಮೊದಲೇ ಹೇಳಿಬಿಟ್ಟಿದ್ದಾರೆ. ಎಲ್ಲಿ ಅಂತೀರಾ? ಹಾಡಿನಲ್ಲಿ. "ಹದಿನಾಲ್ಕು ವರ್ಷ ವನವಾಸದಿಂದ ಮರಳಿ ಬಂದಳು ಸೀತೆ" ಅನ್ನುವ ಹಾಡು ಎಲ್ಲರಿಗೂ ಗೊತ್ತು. ಕೇಳಲಿಕ್ಕೆ ಸಂತೋಷದ ಹಾಡು. ಮನೆಗೆ ವಾಪಸ್ ಬಂದ ಹೆಣ್ಣು ತನ್ನನ್ನು ಸೀತೆಗೆ ಹೋಲಿಸಿಕೊಂಡಿದ್ದಾಳೆ ಅಂತ ನಾವೂ ತಲೆದೂಗುತ್ತೇವೆ. ಆದರೆ ಒಂದು ಕ್ಷಣ ಯೋಚಿಸಿ. ವನವಾಸದಿಂದ ಮರಳಿದ ಸೀತೆಗೆ ಅಯೋಧ್ಯೆಯಲ್ಲಿ ಏನಾಯಿತು? ಊರ ಮಾತು ಕೇಳಿ ಗಂಡ ಮತ್ತೆ ಕಾಡಿಗೆ ಕಳಿಸಿದ. ಈ ಕಥೆ ಗೊತ್ತಿಲ್ಲದವರು ಆ ಥಿಯೇಟರಿನಲ್ಲಿ ಒಬ್ಬರೂ ಇದ್ದಿರಲಾರರು. ಮೊದಲ ಸಾಲು ಕೇಳಿದಾಗಲೇ ಕಾವೇರಿಯ ಗತಿ ಏನು ಅನ್ನೋದು ಅವರ ಮನಸ್ಸಿನ ಮೂಲೆಯಲ್ಲಿ ಎಲ್ಲೋ ಗೊತ್ತಾಗಿಬಿಟ್ಟಿರುತ್ತದೆ. ಚಿಕ್ಕಮ್ಮ ಕಣ್ಣೊರೆಸಿಕೊಳ್ಳಲು ಶುರು ಮಾಡಿದ್ದು ಕ್ಲೈಮ್ಯಾಕ್ಸಿನಲ್ಲಿ ಅಲ್ಲ, ಈ ಹಾಡಿನಲ್ಲಿ. ಹುಡುಗಿ ಆ ಹೊತ್ತಿನಲ್ಲಿ ಫೋನ್ ನೋಡುತ್ತಿದ್ದಳು. ಹಾಡು ಅಂದರೆ ಕಥೆ ನಿಂತಿದೆ ಅಂತ ಅವಳ ಲೆಕ್ಕ. ಪುಟ್ಟಣ್ಣನವರ ಸಿನಿಮಾದಲ್ಲಿ ಆ ಲೆಕ್ಕ ತಪ್ಪು. ಅರ್ಧ ಕಥೆ ಹಾಡಿನಲ್ಲೇ ನಡೆಯುತ್ತದೆ. ಹಾಡನ್ನು ಮುಂದಕ್ಕೆ ಓಡಿಸಿ ನೋಡಿದರೆ ಕೊನೆ ಧುತ್ತೆಂದು ಬಂದ ಹಾಗೆ, ಸುಮ್ನೆ ಅಳಿಸಲಿಕ್ಕೆ ತಂದ ಹಾಗೆ ಕಾಣುತ್ತದೆ.

ಇಬ್ಬರ ಅಭಿಪ್ರಾಯ ಬೇರೆಯಾಗಲು ಇದೊಂದು ಕಾರಣ. ಇಬ್ಬರೂ ಒಂದೇ ಸಿನಿಮಾ ನೋಡಿರುವುದಿಲ್ಲ, ಅಷ್ಟೇ.

ಕಿರುಚಾಟದ ದೂರು ಬೇರೆ. ಅದು ಪೂರ್ತಿ ಸುಳ್ಳಲ್ಲ. ಪಾತ್ರಗಳು ಜೋರಾಗಿ ಮಾತಾಡುತ್ತವೆ. ಕ್ಯಾಮೆರಾ ಇದ್ದಕ್ಕಿದ್ದ ಹಾಗೆ ಮುಖಕ್ಕೆ ಝೂಮ್ ಆಗುತ್ತದೆ. ಆಗಿನ ಕಾಲದ ಅನೇಕ ಸಿನಿಮಾಗಳಲ್ಲಿ ಈ ಝೂಮ್ ಚಟ ಇತ್ತು. ಆದರೆ ಪುಟ್ಟಣ್ಣನವರಿಗೆ ಒಂದು ವಿಶೇಷ ಕಷ್ಟವೂ ಇತ್ತು. ಅವರು ಆರಿಸಿಕೊಂಡ ಕಾದಂಬರಿಗಳಲ್ಲಿ ಹೊರಗೆ ಏನೂ ಆಗುವುದಿಲ್ಲ. ಎಲ್ಲ ಆಗುವುದು ತಲೆಯ ಒಳಗೆ. ತ್ರಿವೇಣಿ ಒಂದು ಪುಟ ಪೂರ್ತಿ ನಾಯಕಿಯ ಮನಸ್ಸಿನಲ್ಲಿ ಏನು ಓಡುತ್ತಿದೆ ಅಂತ ಬರೆಯಬಹುದು. ಸಿನಿಮಾದವರು ಏನು ಮಾಡಬೇಕು? ಮನಸ್ಸಿಗೆ ಕ್ಯಾಮೆರಾ ಇಡಲು ಬರುವುದಿಲ್ಲ. ಅದಕ್ಕೇ ಮನಸ್ಸಿನಲ್ಲಿ ಆದದ್ದನ್ನು ಮೈಮೇಲೆ, ಮುಖದ ಮೇಲೆ, ಬೆಟ್ಟ ಬಂಡೆ ನೀರಿನ ಮೇಲೆ ತಂದು ತೋರಿಸಬೇಕು. ಅದೂ ಎಲ್ಲಿ? ಹಿಂದಿನ ಬಾಲ್ಕನಿಯವರಿಗೂ ಮುಂದಿನ ಗಾಂಧಿ ಕ್ಲಾಸಿನವರಿಗೂ ಒಟ್ಟಿಗೆ ತಲುಪಬೇಕಾದ ದೊಡ್ಡ ಟಾಕೀಸಿನಲ್ಲಿ. ಅಲ್ಲಿ ಹೊಂದುತ್ತಿದ್ದ ದನಿ ನಮ್ಮ ಹಾಲ್‌ನ ಸೋಫಾದಿಂದ ಆರಡಿ ದೂರದ ಟಿವಿಯಲ್ಲಿ ಕಿವಿಗೆ ಬಡಿಯುತ್ತದೆ. ನಟರಲ್ಲಿ ಎಷ್ಟೋ ಜನ ನಾಟಕದಿಂದ ಬಂದವರು. ಪುಟ್ಟಣ್ಣನವರ ಗುರು ಪಂತುಲು ಕೂಡ ರಂಗಭೂಮಿಯವರೇ.

ಇಷ್ಟು ಹೇಳಿದ ಮೇಲೂ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಕೆಲವು ಕಡೆ ಅವರು ಒಂದು ಹೆಜ್ಜೆ ಜಾಸ್ತಿ ಹೋಗುತ್ತಾರೆ. ನೋಡುವವರಿಗೆ ಅರ್ಥ ಆಗಿದೆ ಅಂತ ಗೊತ್ತಿದ್ದರೂ ಇನ್ನೊಮ್ಮೆ ಹೇಳುತ್ತಾರೆ. ಒಗ್ಗರಣೆ ಎರಡು ಸಲ ಹಾಕಿದ ಹಾಗೆ.

'ನಾಗರಹಾವು' ವಿಷಯದಲ್ಲಿ ಜಗಳದ ಬಣ್ಣವೇ ಬೇರೆ. ಇಲ್ಲಿ ಕನಿಷ್ಠ ಮೂರು ಗುಂಪುಗಳಿವೆ, ಒಂದಕ್ಕೊಂದು ಕೇಳಿಸುವುದಿಲ್ಲ. ಮೊದಲನೆಯದು ಓದುಗರ ಗುಂಪು. ತ.ರಾ.ಸು. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ', ಈ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ ಸಿನಿಮಾ ಅದು. ಮೂರು ಪುಸ್ತಕ ಒಂದು ಆಟಕ್ಕೆ ಇಳಿದಾಗ ಏನಾದರೂ ಉದುರಲೇಬೇಕು. ಪುಟ್ಟಣ್ಣ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂತ ತ.ರಾ.ಸು. ಬೇಸರಪಟ್ಟರು ಅನ್ನುವ ಮಾತು ಇವತ್ತಿಗೂ ಓಡಾಡುತ್ತದೆ. ಚಿಕ್ಕಪ್ಪ ವರ್ಷಕ್ಕೆ ಒಂದು ಸಲವಾದರೂ ಅದನ್ನು ಹೇಳದೆ ಬಿಡುವುದಿಲ್ಲ.

ಎರಡನೆಯದು ತಾರೆಯರ ಅಭಿಮಾನಿಗಳದು. ವಿಷ್ಣುವರ್ಧನ್ ನಾಯಕರಾದ ಮೊದಲ ಚಿತ್ರ, ಅಂಬರೀಶ್ ಪರದೆಗೆ ಬಂದ ಮೊದಲ ಚಿತ್ರ. ಅವರಿಗೆ ಇದು ಪುಟ್ಟಣ್ಣನವರ ಸಿನಿಮಾ ಆಗುವ ಮೊದಲು 'ನಮ್ಮ ಬಾಸ್' ಹುಟ್ಟಿದ ಸಿನಿಮಾ. 2018ರ ಜುಲೈನಲ್ಲಿ ಹೊಸದಾಗಿ ಬಣ್ಣ, ಧ್ವನಿ ಸರಿಮಾಡಿ ಮತ್ತೆ ಬಿಡುಗಡೆ ಮಾಡಿದಾಗ ನಾನೂ ಹೋಗಿದ್ದೆ. ನಾನು ಅದನ್ನು ಮೊದಲು ನೋಡಿದ್ದು ಪಕ್ಕದ ಮನೆಯ ಕಪ್ಪು ಬಿಳುಪು ಟಿವಿಯಲ್ಲಿ. ದುರ್ಗದ ಬಂಡೆಗೆ ಬಣ್ಣ ಇದೆ ಅಂತ ಗೊತ್ತಾದದ್ದೇ ಆವತ್ತು. ಥಿಯೇಟರಿನಲ್ಲಿ ಅಂಬರೀಶ್ ಆಡುವ ಜಲೀಲ "ಏ ಬುಲ್‌ಬುಲ್, ಮಾತಾಡಕಿಲ್ವಾ" ಅಂದಾಗ ಬಿದ್ದ ಶಿಳ್ಳೆಗೆ ಮುಂದಿನ ಮಾತು ಕೇಳಲಿಲ್ಲ. ಹೆಣ್ಣುಮಗಳನ್ನು ದಾರಿಯಲ್ಲಿ ಕಾಡುವ ಪೋಲಿಯ ಮಾತು ಅದು. ನಾವು ಶಿಳ್ಳೆ ಹೊಡೆದೆವು. ಅಂಬರೀಶ್ ಅಂದರೆ ಅಷ್ಟು ಪ್ರೀತಿ, ಏನು ಮಾಡೋದು.

ಮೂರನೆಯ ಗುಂಪು ನನಗೆ ಎಲ್ಲಕ್ಕಿಂತ ಕುತೂಹಲದ್ದು. ಅದು ಚಾಮಯ್ಯ ಮೇಷ್ಟ್ರ ಬಗ್ಗೆ ಜಗಳ ಮಾಡುವ ಗುಂಪು. ನಮ್ಮ ಕಾಲದಲ್ಲಿ ಚಾಮಯ್ಯ ಮೇಷ್ಟ್ರು ಅಂದರೆ ಒಳ್ಳೆಯ ಗುರುವಿಗೆ ಇನ್ನೊಂದು ಹೆಸರು. ಕೆ.ಎಸ್. ಅಶ್ವಥ್ ಆ ಪಂಚೆ, ಆ ಕೋಟಿನಲ್ಲಿ ನಿಂತರೆ ಸಾಕು, ಎದ್ದು ನಿಲ್ಲಬೇಕು ಅನಿಸುತ್ತಿತ್ತು. ಈಗಿನ ಹುಡುಗರು ಬೇರೆ ಲೆಕ್ಕ ಹಾಕುತ್ತಾರೆ. ವಿಷ್ಣುವರ್ಧನ್ ಆಡುವ ರಾಮಾಚಾರಿ ತಾನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಟ್ಟದ್ದು ಮೇಷ್ಟ್ರ ಮಾತಿಗೆ ಕಟ್ಟುಬಿದ್ದು. ಅಲಮೇಲುವಿನ ಬದುಕು ಹಾಳಾಯಿತು. ಆಮೇಲೆ ಮಾರ್ಗರೆಟ್ ಬಂದಳು. ಅದಕ್ಕೂ ಮೇಷ್ಟ್ರು ಬೇಡ ಅಂದರು. ಎರಡು ಸಲವೂ ಅಡ್ಡ ಬಂದದ್ದು ಜಾತಿ, ಧರ್ಮ. ಹಾಗಾದರೆ ಈ ಸಿನಿಮಾದ ಖಳನಾಯಕ ಯಾರು ಅಂತ ಚಿಕ್ಕಮ್ಮನ ಮೊಮ್ಮಗಳು ಕೇಳಿದಾಗ ಚಿಕ್ಕಪ್ಪನ ಮುಖ ಕೆಂಪಾಯಿತು. "ಮೇಷ್ಟ್ರ ಬಗ್ಗೆ ಹಾಗೆಲ್ಲ ಮಾತಾಡಬಾರದು" ಅಂದರು. ಸಿನಿಮಾದ ಪಾತ್ರಕ್ಕೆ!

ಆದರೆ ಕೊನೆಯನ್ನು ನೋಡಿ. ಬೆಟ್ಟದ ಮೇಲೆ ಮೇಷ್ಟ್ರು ಮೊದಲು ಬೀಳುತ್ತಾರೆ. ಆಮೇಲೆ ರಾಮಾಚಾರಿ ಮತ್ತು ಮಾರ್ಗರೆಟ್ ಹಾರುತ್ತಾರೆ. ಗುರುವೂ ಉಳಿಯಲಿಲ್ಲ, ಶಿಷ್ಯನೂ ಉಳಿಯಲಿಲ್ಲ. ಮೇಷ್ಟ್ರು ಸರಿ ಅಂತ ಪುಟ್ಟಣ್ಣ ನಂಬಿದ್ದರೆ ಅವರನ್ನು ಹೀಗೆ ಬೀಳಿಸುತ್ತಿರಲಿಲ್ಲ. ತಪ್ಪು ಅಂತ ನಂಬಿದ್ದರೆ ಅಶ್ವಥ್ ಅವರಿಂದ ಆ ಪ್ರೀತಿಯನ್ನು ಹೊರಡಿಸುತ್ತಿರಲಿಲ್ಲ. ಪ್ರೀತಿಸುವ ಹಿರಿಯರೇ ಕುತ್ತಿಗೆಗೆ ಉರುಳಾಗುವುದು ಹೇಗೆ ಅಂತ ತೋರಿಸಿದ್ದಾರೆ. 1972ರಲ್ಲಿ ಜನ ಪ್ರೀತಿಯನ್ನು ನೋಡಿದರು. ಈಗಿನವರು ಉರುಳನ್ನು ನೋಡುತ್ತಿದ್ದಾರೆ. ಎರಡೂ ಪರದೆಯ ಮೇಲೆ ಇದೆ.

ಇದೇ ಸಿನಿಮಾದ "ಬಾರೆ ಬಾರೆ ಚೆಂದದ ಚೆಲುವಿನ ತಾರೆ" ಹಾಡಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಕನ್ನಡದಲ್ಲಿ ಪೂರ್ತಿ ಸ್ಲೋ ಮೋಷನ್‌ನಲ್ಲಿ ಬಂದ ಮೊದಲ ಹಾಡು ಅಂತ ಇದನ್ನು ಹೇಳುತ್ತಾರೆ. ಛಾಯಾಗ್ರಹಣ ಚಿಟ್ಟಿಬಾಬು ಅವರದು. ಸ್ಲೋ ಮೋಷನ್ ಅಂದರೆ ಕ್ಯಾಮೆರಾ ನಿಧಾನ ಓಡಿಸುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಉಲ್ಟಾ. ಸಿನಿಮಾ ಪರದೆಯ ಮೇಲೆ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ತೆಗೆಯುವಾಗ ಕ್ಯಾಮೆರಾವನ್ನು ಜೋರಾಗಿ, ಸೆಕೆಂಡಿಗೆ 48 ಫ್ರೇಮ್ ಓಡಿಸಿದರೆ, ತೋರಿಸುವಾಗ ಒಂದು ಸೆಕೆಂಡಿನ ಓಟ ಎರಡು ಸೆಕೆಂಡ್ ಆಗುತ್ತದೆ. ಫಿಲಂ ದುಪ್ಪಟ್ಟು ಖರ್ಚು. ಅಷ್ಟು ಖರ್ಚು ಮಾಡಿ ಒಂದು ಹಾಡು ಪೂರ್ತಿ ತೆಗೆಯುವುದೆಂದರೆ ನಿರ್ಮಾಪಕ ಎನ್. ವೀರಾಸ್ವಾಮಿ ಅವರಿಗೂ ಎದೆಗಾರಿಕೆ ಬೇಕಿತ್ತು. ಸೆಟೆದು ನಡೆಯುವ, ಹಲ್ಲು ಕಚ್ಚುವ ರಾಮಾಚಾರಿಯ ಮೈ ಸಡಿಲವಾಗುವುದು ಈ ಹಾಡಿನಲ್ಲಿ. ಕನಸಲ್ಲಿ ಓಡುವ ಹಾಗೆ ಓಡುತ್ತಾನೆ. ಒನಕೆ ಓಬವ್ವನ ಹಾಡಿನ ಬಗ್ಗೆ ಮಾತ್ರ ನನಗೆ ಅನುಮಾನ ಇದೆ. ಜಯಂತಿ ಅದ್ಭುತ, ಹಾಡು ಅದ್ಭುತ, ಕಥೆಗೆ ಅದು ಬೇಕಿತ್ತಾ ಅಂದರೆ ಇಲ್ಲ ಅಂತೀನಿ. ದುರ್ಗದವರ ಮುಂದೆ ಮಾತ್ರ ಹೇಳುವುದಿಲ್ಲ.

ಹೆಂಗಸರ ಪ್ರಶ್ನೆಯೇ ಎಲ್ಲಕ್ಕಿಂತ ಕಷ್ಟದ್ದು. ಪುಟ್ಟಣ್ಣನವರ ಪರ ವಾದ ಗಟ್ಟಿಯಾಗಿದೆ. ಸಿನಿಮಾ ಅಂದರೆ ನಾಯಕ ಅನ್ನುವ ಕಾಲದಲ್ಲಿ ಅವರು ಕಥೆಯನ್ನು ಹೆಣ್ಣಿನ ಹೆಗಲ ಮೇಲಿಟ್ಟರು. ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ, ಹೀಗೆ ಮಹಿಳೆಯರು ಬರೆದ ಕಾದಂಬರಿಗಳನ್ನು ಹುಡುಕಿ ತಂದರು. ಗಂಡ ಮನೆಯಲ್ಲಿದ್ದೂ ಇಲ್ಲದ ಹೆಂಡತಿಯ ಆಸೆಯನ್ನು 'ಎಡಕಲ್ಲು ಗುಡ್ಡದ ಮೇಲೆ'ಯಲ್ಲಿ ಮುಚ್ಚುಮರೆ ಇಲ್ಲದೆ ಎತ್ತಿಕೊಂಡರು. ಅದು 1973. ವಿರುದ್ಧದ ವಾದವೂ ಗಟ್ಟಿಯೇ. ಇಷ್ಟೆಲ್ಲ ಮಾಡಿ ಕೊನೆಗೆ ಆ ಹೆಣ್ಣುಗಳಿಗೆ ಏನು ಸಿಕ್ಕಿತು? ವೇಶ್ಯಾವೃತ್ತಿಗೆ ಇಳಿಸುವ ಗೆಜ್ಜೆ ಕಟ್ಟಿಸಿಕೊಂಡ ಚಂದ್ರ ವಿಷ ತಗೊಂಡು ಸಾಯುತ್ತಾಳೆ. ಕಾವೇರಿ ಆಸ್ಪತ್ರೆಗೆ ಹೋಗುತ್ತಾಳೆ. ಸಮಾಜ ಎಲ್ಲಿತ್ತೋ ಅಲ್ಲೇ ಇದೆ, ನಾವು ಕಣ್ಣೀರು ಹಾಕಿ ಮನೆಗೆ ಬಂದು ಊಟ ಮಾಡುತ್ತೇವೆ.

'ಗೆಜ್ಜೆಪೂಜೆ'ಯನ್ನೇ ನೋಡಿ. ಚಿತ್ರಕಥೆಗೆ ಪುಟ್ಟಣ್ಣನವರಿಗೆ ರಾಷ್ಟ್ರಪ್ರಶಸ್ತಿ ತಂದ ಸಿನಿಮಾ. ವೇಶ್ಯೆಯ ಮಗಳು ಮದುವೆಯಾಗಿ ಎಲ್ಲರ ಹಾಗೆ ಬದುಕಬೇಕು ಅಂತಾಳೆ. ಅಷ್ಟೇ ಅವಳ ಬೇಡಿಕೆ. ಅವಳು ಬದುಕಿ, ಮದುವೆಯಾಗಿ, ಸುಖವಾಗಿದ್ದಿದ್ದರೆ ನೋಡಿದವರು "ನೋಡು, ಎಲ್ಲ ಸರಿ ಹೋಯ್ತು" ಅಂತ ಎದ್ದು ಬರುತ್ತಿದ್ದರು. ಅವಳು ಸತ್ತಿದ್ದರಿಂದ ಪ್ರಶ್ನೆ ಸಾಯಲಿಲ್ಲ. ಇದು ನಾನು ಒಪ್ಪುವ ವಾದ. ಆದರೆ ಪುಟ್ಟಣ್ಣನವರಿಗೆ ಆ ಕಣ್ಣೀರಿನ ರುಚಿ ಹತ್ತಿತ್ತು ಅನ್ನೋದೂ ನಿಜ. ಹೆಣ್ಣು ಒಡೆಯುವ ಗಳಿಗೆಯನ್ನು ಅವರು ತುಂಬಾ ಸುಂದರವಾಗಿ ತೆಗೆಯುತ್ತಾರೆ. ಅಷ್ಟು ಸುಂದರ ಆಗಬಾರದಿತ್ತೇನೋ ಅಂತ ಒಂದೊಂದು ಸಲ ಅನಿಸುತ್ತದೆ.

ಅದೇ ಹೊತ್ತಿನಲ್ಲಿ ಕನ್ನಡದಲ್ಲಿ ಇನ್ನೊಂದು ಗಾಳಿ ಬೀಸುತ್ತಿತ್ತು. 1970ರ 'ಸಂಸ್ಕಾರ', ಆಮೇಲೆ 'ವಂಶವೃಕ್ಷ', 'ಕಾಡು', 'ಘಟಶ್ರಾದ್ಧ'. ಹಾಡಿಲ್ಲ, ಕೂಗಾಟವಿಲ್ಲ. ಆ ಸಿನಿಮಾಗಳನ್ನು ಮೆಚ್ಚುವವರಿಗೆ ಪುಟ್ಟಣ್ಣ ಅತಿ ಅನಿಸುತ್ತಾರೆ. ಹೊಡೆದಾಟ ಬೇಕು ಅನ್ನುವವರಿಗೆ ಪುಟ್ಟಣ್ಣ ನಿಧಾನ ಅನಿಸುತ್ತಾರೆ. ಎರಡೂ ತಕ್ಕಡಿಯಲ್ಲಿ ಅವರು ಸರಿಯಾಗಿ ತೂಗುವುದಿಲ್ಲ. ಅದಕ್ಕೇ ಅವರದು 'ಬ್ರಿಡ್ಜ್ ಸಿನಿಮಾ' ಅನ್ನುವ ಹೆಸರು ಬಂತು. ಅವರಿಗೆ ಸಣ್ಣ ದನಿಯಲ್ಲಿ ಮಾತಾಡಲು ಬರುತ್ತಿರಲಿಲ್ಲ ಅನ್ನುವವರು 1976ರ 'ಕಥಾಸಂಗಮ' ನೋಡಬೇಕು. ಮೂರು ಸಣ್ಣಕಥೆ, ಮೂರು ಸಿನಿಮಾ, ಒಂದೇ ಟಿಕೆಟ್. ಅದರಲ್ಲಿ 'ಮುನಿತಾಯಿ'ಯಲ್ಲಿ ಕುರುಡಿ ಹೆಂಡತಿಯನ್ನು ಕಾಡುವ ಕೆಟ್ಟವನಾಗಿ ರಜನಿಕಾಂತ್ ಇದ್ದಾರೆ. ಮುಂದೆ ಇದೇ ಕಥೆ ತಮಿಳಿಗೆ ಹೋದಾಗ ಅವರು ಗಂಡನ ಪಾತ್ರ ಮಾಡಿದರು. ಎಂಟು ವರ್ಷದಲ್ಲಿ ಕೆಟ್ಟವನಿಗೆ ಬಡ್ತಿ ಸಿಕ್ಕಿತು.

ಇನ್ನು ಕೆಲವರು ಸಿನಿಮಾವನ್ನು ಬಿಟ್ಟು ಪುಟ್ಟಣ್ಣನವರ ಬದುಕನ್ನೇ ನೋಡುತ್ತಾರೆ. 1982ರ 'ಮಾನಸ ಸರೋವರ'ದ ಬಗ್ಗೆ ಮಾತು ಬಂದರೆ ಐದು ನಿಮಿಷದಲ್ಲಿ ಅವರ ಖಾಸಗಿ ವಿಷಯಕ್ಕೆ ಇಳಿಯುತ್ತದೆ. ನನಗೆ ಅದರಲ್ಲಿ ಆಸಕ್ತಿ ಇಲ್ಲ. ಅದಕ್ಕಿಂತ ದೊಡ್ಡ ಸಂಗತಿ ಸಿನಿಮಾದ ಒಳಗೇ ಇದೆ. 'ಶರಪಂಜರ'ದಲ್ಲಿ ವಾಸಿಯಾದ ರೋಗಿ ಮತ್ತೆ ರೋಗಿಯಾದಳು. ಹನ್ನೊಂದು ವರ್ಷದ ನಂತರ ಇಲ್ಲಿ ರೋಗಿ ವಾಸಿಯಾಗಿ ತನ್ನ ದಾರಿ ಹಿಡಿಯುತ್ತಾಳೆ, ವಾಸಿ ಮಾಡಿದ ಡಾಕ್ಟರೇ ಹುಚ್ಚನಾಗುತ್ತಾನೆ. "ನೀನೇ ಸಾಕಿದಾ ಗಿಣಿ" ಹಾಡುವಾಗ ಶ್ರೀನಾಥ್ ಅವರ ಮುಖ ನೋಡಿ. ಹೆಣ್ಣನ್ನೇ ಯಾಕೆ ಒಡೆಯುತ್ತೀರಿ ಅಂತ ಕೇಳಿದವರಿಗೆ ಪುಟ್ಟಣ್ಣ ಕೊಟ್ಟ ಉತ್ತರ ಇದು ಅಂತ ನಾನು ಓದಿಕೊಳ್ಳುತ್ತೇನೆ. ಅವರು ಹಾಗೆ ಅಂದುಕೊಂಡೇ ಮಾಡಿದರು ಅಂತಲ್ಲ. ನೋಡುವವನಾಗಿ ಅಷ್ಟು ಹಕ್ಕು ನನಗೂ ಇದೆ, ಅಲ್ವಾ?

ಆವತ್ತು ಕಾಫಿ ಆದ ಮೇಲೆ ಹುಡುಗಿ ತಾನಾಗಿಯೇ ಕೇಳಿದಳು, ಪುಟ್ಟಣ್ಣನವರದು ಇನ್ಯಾವುದು ನೋಡಬಹುದು ಅಂತ. ಚಿಕ್ಕಮ್ಮ ತಡಮಾಡದೆ 'ಬೆಳ್ಳಿಮೋಡ' ಅಂದರು. ಅದರಲ್ಲಿ ಕಲ್ಪನಾ ಆಡುವ ಇಂದಿರಾ ಶ್ರೀಮಂತರ ಒಬ್ಬಳೇ ಮಗಳು. ಆಸ್ತಿಯ ಆಸೆಗೆ ಅವಳನ್ನು ಮದುವೆಯಾಗಲು ಒಪ್ಪಿದ ಮೋಹನ, ಅವಳಿಗೆ ತಮ್ಮ ಹುಟ್ಟಿದ ಮೇಲೆ ಹಿಂದೆ ಸರಿಯುತ್ತಾನೆ. ಆಮೇಲೆ ಅವನೇ ಕಾಲು ಮುರಿದುಕೊಂಡು ಅವಳ ಮನೆಯಲ್ಲಿ ಮಲಗುತ್ತಾನೆ. ಅವಳ ಆರೈಕೆ ನೋಡಿ ಮನಸ್ಸು ಕರಗಿ, ಈಗ ಮದುವೆಯಾಗೋಣ ಅಂತ ಕೇಳುತ್ತಾನೆ.

"ಇದರಲ್ಲೂ ಸಾಯ್ತಾಳಾ ಅಜ್ಜಿ?"

"ಇಲ್ಲ ಕಣೆ. ಬೇಡ ಅಂತಾಳೆ."

ಹುಡುಗಿ ಫೋನ್ ಕೆಳಗಿಟ್ಟಳು. "ಹಾಕು ಹಾಗಾದ್ರೆ" ಅಂದಳು.